ಚೈನ್‌ಸಾ ಮುಚ್ಚಳ ಕೂರ್ತಿಲ್ಲ, ಪೆಟ್ರೋಲೂ ಆಯಿಲೂ ಸೋರ್ತಿದೆ: ಮೆಕ್ಯಾನಿಕ್ ಹತ್ರ ಕೇಳಿ

ಪ್ರಶ್ನೆ: ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು

ನಮಸ್ಕಾರ ಅಣ್ಣಾ. ಮರಗಸಿ, ಅಂದ್ರೆ ತೋಟದ ನೆರಳು ಮರದ ಕೊಂಬೆ ಕಡಿಯೋ ಕೆಲಸ, ಶುರುವಾಗಿದೆ, ಸರಿಯಾಗಿ ಈಗಲೇ ಮೆಷಿನ್ ಕೈಕೊಡ್ತಿದೆ. ಪೆಟ್ರೋಲ್ ಮುಚ್ಚಳ ರೆಕ್ಕೆ ಎತ್ತಿ ಕೈಯಲ್ಲೇ ತಿರುಗಿಸೋ ಥರದ್ದು, ಸ್ಪ್ಯಾನರ್ ಬೇಡ. ಮೊದಲೆಲ್ಲ ಕಾಲು ಸುತ್ತಿಗೆ ಟಕ್ ಅಂತ ಕೂರ್ತಿತ್ತು. ಈಗ ಸುಮ್ನೆ ಸುತ್ತುತ್ತೆ, ಇಲ್ಲಾಂದ್ರೆ ಅರ್ಧ ಮೇಲೆದ್ದು ನಿಲ್ಲುತ್ತೆ. ನಿನ್ನೆ ಹುಡುಗ ಸಿಲ್ವರ್ ಓಕ್ ಬುಡದಲ್ಲಿ ಮೆಷಿನ್ ಓರೆ ಹಿಡಿದಿದ್ದೇ ತಡ, ಪ್ಯಾಂಟೆಲ್ಲ ಪೆಟ್ರೋಲ್. ಚೈನ್ ಆಯಿಲ್ ಮುಚ್ಚಳವೂ ಹೋಗಿದೆ ಅನ್ಸುತ್ತೆ, ರಾತ್ರಿ ಶೆಡ್ಡಲ್ಲಿಟ್ರೆ ಬೆಳಗ್ಗೆ ಕೆಳಗೆ ಎಣ್ಣೆ ನಿಂತಿರುತ್ತೆ. ಅಂಗಡಿಯಲ್ಲಿ ಕೇಳಿದ್ರೆ ಟ್ಯಾಂಕೇ ಹೊಸದು ಹಾಕಬೇಕು ಅಂದ್ರು. ಹೌದಾ?

ಉತ್ತರ: ಮೆಕ್ಯಾನಿಕ್

ಟ್ಯಾಂಕಿಗೆ ಈಗಲೇ ದುಡ್ಡು ಸುರಿಯಬೇಡಿ ಸರ್. ತುಂಬಾ ಮಾಡೆಲ್‌ಗಳಲ್ಲಿ ಟ್ಯಾಂಕು, ಹಿಂದಿನ ಹ್ಯಾಂಡಲ್ಲು ಎಲ್ಲ ಸೇರಿ ಒಂದೇ ಪೀಸು, ಬೆಲೆ ಜಾಸ್ತಿ. ಮುಚ್ಚಳ ಕೂರುವ ಬಾಯಿ ಸೀಳಿದ್ರೆ ಮಾತ್ರ ಅಲ್ಲಿಗೆ ಕೈ ಹಾಕಬೇಕು. ನೀವು ಹೇಳಿದ ಲಕ್ಷಣಕ್ಕೆ ಹತ್ತರಲ್ಲಿ ಎಂಟು ಸಲ ಖರ್ಚೇ ಇರಲ್ಲ.

ರೆಕ್ಕೆ ಮುಚ್ಚಳದಲ್ಲಿ ಎರಡು ಭಾಗ ಇರುತ್ತೆ. ಮೇಲೆ ನಾವು ಹಿಡಿಯೋದು ಒಂದು, ಒಳಗೆ ಟ್ಯಾಂಕಿನ ಬಾಯಿಗೆ ಸಿಕ್ಕಿಕೊಳ್ಳುವ ಕಿವಿ ಇರೋದು ಇನ್ನೊಂದು. ಮುಚ್ಚಳ ತೆಗೆದು ಪಕ್ಕಕ್ಕೆ ಬಿಟ್ಟಾಗ, ಅದು ಯಾವುದಕ್ಕಾದರೂ ತಗುಲಿ, ಕೆಳಭಾಗ ಮಾತ್ರ ತಿರುಗಿಬಿಡುತ್ತೆ. ಆಮೇಲೆ ಮೇಲಿನದನ್ನ ಎಷ್ಟು ತಿರುಗಿಸಿದ್ರೂ ಕಿವಿ ಬಾಯಿಯ ಕಚ್ಚಿಗೆ ಸಿಗಲ್ಲ. ಹುಡುಗರು ಏನ್ ಮಾಡ್ತಾರೆ ಅಂದ್ರೆ ಅಂಗೈ ಇಟ್ಟು ಒತ್ತಿ, ಬಲಕ್ಕೆ ಜೋರಾಗಿ ತಿರುಗಿಸ್ತಾರೆ. ಕಿವಿ ಮುರಿಯೋದು ಆಗಲೇ.

ಹೀಗೆ ಮಾಡಿ. ಇಂಜಿನ್ ಆರಲಿ. ಮೆಷಿನ್ ಮಲಗಿಸಿ, ಮುಚ್ಚಳ ಮೇಲ್ಮುಖವಾಗಿರಲಿ. ಸುತ್ತಲಿನ ಹೊಟ್ಟು ಒರೆಸಿ. ರೆಕ್ಕೆ ನೆಟ್ಟಗೆ ಎತ್ತಿ, ಮುಚ್ಚಳವನ್ನ ಬಾಯಿ ಮೇಲೆ ಇಟ್ಟು ಎಡಕ್ಕೆ, ಅಂದ್ರೆ ತೆಗೆಯುವ ಕಡೆಗೇ, ನಿಧಾನ ತಿರುಗಿಸಿ. ಒಂದು ಕಡೆ ತಾನಾಗಿ ಕೆಳಗೆ ಇಳಿಯುತ್ತೆ. ಇಳಿದ ಮೇಲೂ ಎಡಕ್ಕೇ ಇನ್ನೊಂದು ಕಾಲು ಸುತ್ತು. ಕೆಳಭಾಗ ತನ್ನ ಜಾಗಕ್ಕೆ ಬಂತು. ಈಗ ಮೆಲ್ಲಗೆ ಒತ್ತಿ ಬಲಕ್ಕೆ ತಿರುಗಿಸಿದ್ರೆ ಕೂರುತ್ತೆ. ಮುಚ್ಚಳದ ಮೇಲಿನ ಗುರುತು, ಟ್ಯಾಂಕಿನ ಮೇಲಿನ ಗುರುತು ಎದುರುಬದುರು ಬರಬೇಕು, ರೆಕ್ಕೆ ಪೂರ್ತಿ ಮಡಚಿ ಸಮ ಆಗಬೇಕು. ರೆಕ್ಕೆ ಸ್ವಲ್ಪ ಎದ್ದೇ ಇದೆ ಅಂದ್ರೆ ಮುಚ್ಚಿಲ್ಲ ಅಂತಲೇ ಲೆಕ್ಕ. ಕೊನೆಗೆ ಮುಚ್ಚಳ ಹಿಡಿದು ಮೇಲಕ್ಕೆ ಎಳೆದು ನೋಡಿ.

ಒಳಗಿನ ದಾರ, ಮುಚ್ಚಳ ಬೀಳದ ಹಾಗೆ ಕಟ್ಟಿರ್ತಾರಲ್ಲ, ಅದು ಮಡಚಿಕೊಂಡು ಅಂಚಿಗೆ ಸಿಕ್ಕಿದ್ರೂ ಇದೇ ಕಥೆ. ಅದನ್ನ ಕತ್ತರಿಸಿ ಬಿಸಾಡೋರನ್ನ ನೋಡಿದ್ದೀನಿ. ಮಾರನೇ ವಾರ ಮುಚ್ಚಳ ತರಗೆಲೆ ಒಳಗೆ ಹುಡುಕ್ತಿರ್ತಾರೆ.

ಹುಡುಗನ ವಿಷಯ: ಪೆಟ್ರೋಲ್ ನೆನೆದ ಬಟ್ಟೆಯಲ್ಲಿ ಕೆಲಸ ಮುಂದುವರಿಸೋ ಹಾಗಿಲ್ಲ. ಬಿಸಿ ಸೈಲೆನ್ಸರ್ ತೊಡೆ ಪಕ್ಕದಲ್ಲೇ ಇರುತ್ತೆ. ಬಟ್ಟೆ ಬದಲಾಯಿಸಿ, ಮೈ ಸೋಪಲ್ಲಿ ತೊಳೆದ ಮೇಲೇ ಮೆಷಿನ್ ಮುಟ್ಟಲಿ.

ಬೆಳೆಗಾರರು: ಕೂತಿತು ಅಣ್ಣಾ! ಆದ್ರೂ ಓರೆ ಮಾಡಿದ್ರೆ ಅಂಚಲ್ಲಿ ಸಣ್ಣಗೆ ಜಿನುಗ್ತಿದೆ.

ಮೆಕ್ಯಾನಿಕ್: ಹಾಗಾದ್ರೆ ರಬ್ಬರ್ ರಿಂಗ್ ನೋಡಿ, ನಾವು ಓ-ರಿಂಗ್ ಅಂತೀವಿ. ಹಲ್ಲುಕಡ್ಡಿ ಅಥವಾ ಬಿದಿರಿನ ಚೂರಲ್ಲಿ ಎಬ್ಬಿಸಿ, ಸ್ಕ್ರೂಡ್ರೈವರ್ ಬೇಡ, ರಿಂಗ್ ಕೂರೋ ಗ್ರೂವಿಗೆ ಗೀರು ಬಿದ್ರೆ ಹೊಸ ರಿಂಗೂ ಸೋರುತ್ತೆ. ಗ್ರೂವಲ್ಲಿ ಕೂತಿರೋ ಹೊಟ್ಟು ಬಟ್ಟೆಯಿಂದ ಒರೆಸಿ. ರಿಂಗ್ ಒಂದು ಕಡೆ ಚಪ್ಪಟೆ ಆಗಿದೆಯಾ, ಬಿರುಕಿದೆಯಾ, ಊದಿಕೊಂಡು ಗ್ರೂವಿಂದ ಹೊರಗೆ ಬರ್ತಿದೆಯಾ ನೋಡಿ. ಮೂರರಲ್ಲಿ ಒಂದಿದ್ರೂ ಬದಲಾಯಿಸಿ. ಊದಿದ್ದನ್ನ ಒಂದು ದಿನ ಗಾಳಿಗೆ ಇಟ್ರೆ ಕುಗ್ಗುತ್ತೆ ನಿಜ. ಅದು ಹೊಸದು ಬರೋ ತನಕದ ಏರ್ಪಾಟು ಅಷ್ಟೇ. ಹೊಸದಕ್ಕೆ ಒಂದು ಹನಿ ಎಣ್ಣೆ ಸವರಿ ಹಾಕಿ.

ಊದೋದು ಈಚೆಗೆ ಜಾಸ್ತಿ ಕಾಣ್ತಿದೀನಿ. ಕಾರಣ ಬಂಕಿನ ಪೆಟ್ರೋಲಲ್ಲಿರೋ ಎಥನಾಲ್ ಅಂತ ನನ್ನ ಅಂದಾಜು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಇ20ಗೆ ಚಾಲನೆ ಕೊಟ್ಟಿದ್ದು, ಅಂದ್ರೆ ನೂರಕ್ಕೆ 20 ಪಾಲು ಎಥನಾಲ್. ಈಗ ಎಲ್ಲ ಕಡೆ ಅದೇ. ಹಳೇ ಮೆಷಿನ್ ಪುಸ್ತಕ ತೆಗೆದು ನೋಡಿ, ಹೆಚ್ಚಿನವುಗಳಲ್ಲಿ 10 ಪಾಲು ದಾಟಬಾರದು ಅಂತ ಇರುತ್ತೆ. ಆ ಕಾಲದ ರಬ್ಬರು, ಪೈಪು ಇದಕ್ಕೆ ಮಾಡಿದ್ದಲ್ಲ.

ನಮ್ಮ ಮಳೆಗಾಲಕ್ಕೆ ಇನ್ನೊಂದು ತೊಂದರೆ ಇದೆ. ಎಥನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ. ಮುಚ್ಚಳ ಸಡಿಲ ಇದ್ರೆ ಇನ್ನೂ ಬೇಗ. ನೀರು ಹೆಚ್ಚಾದಾಗ ಎಥನಾಲ್, ನೀರು ಎರಡೂ ಸೇರಿ ತಳಕ್ಕೆ ಇಳಿಯುತ್ತೆ, ನಾವು ಪೆಟ್ರೋಲಿಗೆ ಕಲಸೋ ಟೂ ಸ್ಟ್ರೋಕ್ ಆಯಿಲ್ ಮೇಲಿನ ಪೆಟ್ರೋಲಲ್ಲೇ ಉಳಿಯುತ್ತೆ. ಪೈಪಿನ ಫಿಲ್ಟರ್ ಇರೋದು ತಳದಲ್ಲಿ. ಇಂಜಿನ್ನಿಗೆ ಹೋಗೋದು ಆಯಿಲ್ ಇಲ್ಲದ ನೀರು ಮಿಶ್ರಣ, ಪಿಸ್ಟನ್ ಸೀಜ್, ಅಂದ್ರೆ ಒಳಗೇ ಹಿಡಿದುಕೊಂಡುಬಿಡುತ್ತೆ. ಅದಕ್ಕೇ ಬೇಕಾದಷ್ಟೇ ಕಲಸಿ. ಮೆಷಿನ್ ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗೋ ತನಕ ಓಡಿಸಿ ಇಡಿ.

ಕಲಸೋ ಲೆಕ್ಕ ಕೇಳೋರು ಇದ್ದೇ ಇರ್ತಾರೆ: ಸ್ಟಿಲ್, ಹಸ್ಕ್‌ವರ್ನಾ ಎರಡೂ ಚೈನ್‌ಸಾ ಕಂಪನಿಗಳು ಅವರವರ ಟೂ ಸ್ಟ್ರೋಕ್ ಆಯಿಲ್ ಹಾಕಿದ್ರೆ 50ಕ್ಕೆ 1 ಅಂತಾವೆ. ಲೀಟರಿಗೆ 20 ಮಿ.ಲೀ., 5 ಲೀಟರಿಗೆ 100.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲಾ ಯಾಕೆ ಮಾರಾಯ್ರೇ, ಟೆಫ್ಲಾನ್ ಟೇಪ್ ನಾಲ್ಕು ಸುತ್ತು ಸುತ್ತಿ ಪ್ಲೈಯರ್‌ನಲ್ಲಿ ಟೈಟ್ ಮಾಡಿದ್ರೆ ಮುಗೀತು. ನಂದು ಹಾಗೇ ಓಡ್ತಿದೆ.

ಮೆಕ್ಯಾನಿಕ್: ಓಡ್ತಿರುತ್ತೆ ಸರ್, ಟೇಪಿನ ಚೂರು ಫಿಲ್ಟರಿಗೆ ಅಂಟೋ ತನಕ. ರೆಕ್ಕೆ ಮುಚ್ಚಳದಲ್ಲಿ ಸೋರಿಕೆ ತಡೆಯೋದು ರಿಂಗು, ಟೇಪ್ ಸುತ್ತೋಕೆ ಅಲ್ಲಿ ಮರೆಯೇ (ಸ್ಕ್ರೂ ಥ್ರೆಡ್) ಇಲ್ಲ. ಸ್ಪ್ಯಾನರ್ ಹಾಕೋ ಹಳೇ ಮುಚ್ಚಳಕ್ಕೆ ಮರೆ ಇರುತ್ತೆ, ಅಲ್ಲೂ ತಡೆಯೋದು ರಿಂಗೇ. ಅದನ್ನ ಮೊದಲು ಹಿಂದಕ್ಕೆ ತಿರುಗಿಸಿ, ಮರೆ ಮರೆಗೆ ಬಿದ್ದ ಸದ್ದು ಬಂದ ಮೇಲೆ ಮುಂದಕ್ಕೆ ಕೈಯಲ್ಲೇ ತಿರುಗಿಸಿ, ಕೊನೆಗೆ ಸ್ಪ್ಯಾನರಲ್ಲಿ ಸ್ವಲ್ಪ ಬಿಗಿ. ಪ್ಲೈಯರ್ ಹಾಕಿದ ಪ್ಲಾಸ್ಟಿಕ್ ಮರೆ ಒಮ್ಮೆ ಅಡ್ಡ ಹೋದ್ರೆ, ಆಗ ನಿಜವಾಗಲೂ ಟ್ಯಾಂಕ್ ಬದಲಾಯಿಸಬೇಕಾಗುತ್ತೆ. ಎಂ-ಸೀಲ್ ಮೆತ್ತೋ ಯೋಚನೆ ಇದ್ದೋರೂ ಬಿಟ್ಟುಬಿಡಿ.

ಪ್ರಶ್ನೆ: ಕೊಪ್ಪ ಕಡೆಯ ಅಡಿಕೆ ಬೆಳೆಗಾರರು

ನಮ್ಮದು ಸೋರಲ್ಲ, ಆದ್ರೆ ಮಧ್ಯಾಹ್ನ ಮುಚ್ಚಳ ತೆಗೆದ್ರೆ ಬುಸ್ ಅಂತ ಮುಖಕ್ಕೇ ಚಿಮ್ಮುತ್ತೆ. ಇನ್ನೊಂದು ಹಳೇ ಮೆಷಿನ್ ಕಾಲು ಗಂಟೆ ಓಡಿ ನಿಲ್ಲುತ್ತೆ, ಮುಚ್ಚಳ ಸಡಿಲ ಮಾಡಿದ್ರೆ ಮತ್ತೆ ಸ್ಟಾರ್ಟ್. ಎರಡೂ ಒಂದೇನಾ?

ಮೆಕ್ಯಾನಿಕ್: ಬೇರೆ ಬೇರೆ. ಟ್ಯಾಂಕಿಗೆ ಉಸಿರಾಡೋಕೆ ಒಂದು ದಾರಿ ಇರುತ್ತೆ, ವೆಂಟ್. ಕೆಲವದರಲ್ಲಿ ಮುಚ್ಚಳದಲ್ಲೇ, ಈಚಿನವುಗಳಲ್ಲಿ ಹೆಚ್ಚಾಗಿ ಹ್ಯಾಂಡಲ್ ಹತ್ರ ಬೇರೆಯಾಗಿ. ಪೆಟ್ರೋಲ್ ಖರ್ಚಾದಷ್ಟು ಗಾಳಿಯನ್ನ ಒಳಗೆ ಬಿಡಬೇಕು, ಪೆಟ್ರೋಲನ್ನ ಹೊರಗೆ ಬಿಡಬಾರದು. ನಿಮ್ಮ ಹಳೇ ಮೆಷಿನ್ನಲ್ಲಿ ಅದು ಹೊಟ್ಟು ಕಟ್ಟಿಕೊಂಡಿದೆ. ಮುಚ್ಚಳ ಸಡಿಲಿಸಿದಾಗ ಗಾಳಿ ಒಳಕ್ಕೆ ಎಳೆಯೋ ಸದ್ದು ಬಂದ್ರೆ ಖಾತ್ರಿ. ವೆಂಟ್ ಬದಲಾಯಿಸಿ, ಕಾರ್ಬೊರೇಟರ್ ಸ್ಕ್ರೂ ಮುಟ್ಟಲೇಬೇಡಿ. ಈ ರೋಗಕ್ಕೆ ಕಾರ್ಬೊರೇಟರ್ ಬಿಚ್ಚಿಸಿಕೊಂಡು ಬಂದಿರೋರು ನಮ್ಮ ಶೆಡ್ಡಿಗೆ ಬಹಳ ಜನ.

ಚಿಮ್ಮೋದು ಬಿಸಿಯ ಒತ್ತಡ. ಬಿಸಿಲು, ಇಂಜಿನ್ ಕಾವು ಸೇರಿ ಟ್ಯಾಂಕೊಳಗೆ ಆವಿ ತುಂಬುತ್ತೆ, ಒಂದು ಮಟ್ಟಿಗೆ ಅದು ಸಹಜ. ನೆರಳಲ್ಲಿಟ್ಟು ಆರಿಸಿ, ಮುಚ್ಚಳವನ್ನ ಸ್ವಲ್ಪವೇ ತಿರುಗಿಸಿ ಬುಸ್ ಅನ್ನೋದು ನಿಲ್ಲೋವರೆಗೆ ಹಾಗೇ ಹಿಡಿದಿರಿ, ಮುಖ ದೂರ ಇರಲಿ. ಕಂಠಪೂರ್ತಿ ತುಂಬಬೇಡಿ. ತುಂಬಿದ ಜಾಗದಲ್ಲೇ ಸ್ಟಾರ್ಟ್ ಮಾಡಬೇಡಿ, ಕನಿಷ್ಠ 3 ಮೀಟರ್, ಹತ್ತು ಅಡಿ ಅಂದ್ಕೊಳ್ಳಿ, ಆಚೆ ಹೋಗಿ. ಒಣ ದರಗು ಬಿದ್ದಿರೋ ಬೇಸಿಗೆಯಲ್ಲಂತೂ ಇದು ಖಡಾಖಂಡಿತ.

ಮೂಡಿಗೆರೆಯವರೇ, ನಿಮಗೂ ಒಂದು ಮಾತು: ಹೊಸ ರಿಂಗ್ ಹಾಕಿದ ಮೇಲೂ ಓರೆ ಮಾಡಿದಾಗ ಒದ್ದೆ ಕಂಡ್ರೆ ಮುಚ್ಚಳ ಬಿಟ್ಟು ವೆಂಟ್ ನೋಡಿ. ಅಲ್ಲಿಂದ ಸೋರಿದ ಪೆಟ್ರೋಲ್ ಹರಿದು ಬಂದು ಮುಚ್ಚಳದ ಅಂಚಲ್ಲೇ ನಿಲ್ಲುತ್ತೆ. ಪೆಟ್ರೋಲ್ ಪೈಪ್ ಟ್ಯಾಂಕಿಂದ ಹೊರಗೆ ಬರೋ ರಬ್ಬರೂ ಹಾಗೇ ಮೋಸ ಮಾಡುತ್ತೆ.

ಮೂಡಿಗೆರೆ ಬೆಳೆಗಾರರು: ಚೈನ್ ಆಯಿಲ್ ವಿಷಯ ಮರೆತ್ರಿ.

ಮೆಕ್ಯಾನಿಕ್: ಮರೆತಿಲ್ಲ ಸರ್. ರಾತ್ರಿ ಸ್ವಲ್ಪ ಎಣ್ಣೆ ಇಳಿಯೋದು ಹೆಚ್ಚಿನ ಚೈನ್‌ಸಾಗಳ ಗುಣ. ಬಾರ್ (ಚೈನ್ ಸುತ್ತೋ ಉದ್ದ ಪಟ್ಟಿ) ಗ್ರೂವಲ್ಲಿ, ಚೈನ್ ಕವರ್ ಒಳಗೆ, ಎಣ್ಣೆ ಕುಡಿದ ಹೊಟ್ಟಿನಲ್ಲಿ ಉಳಿದಿದ್ದು ನಿಧಾನ ತೊಟ್ಟಿಕ್ಕುತ್ತೆ. ಸ್ವಲ್ಪವೋ ಜಾಸ್ತಿಯೋ ಅಂತ ತಿಳಿಯೋಕೆ ಬಾರ್, ಚೈನ್ ಬಿಚ್ಚಿ, ಎಲ್ಲಾ ಒರೆಸಿ, ಆಯಿಲ್ ತುಂಬಿ, ರಟ್ಟಿನ ಮೇಲೆ ರಾತ್ರಿಯಿಡೀ ಇಡಿ. ಬೆಳಗ್ಗೆ ಕಲೆ ಮುಚ್ಚಳದ ಕೆಳಗಿದ್ರೆ ರಿಂಗು. ಬಾರ್ ಕೂರೋ ಕಡೆ ಎಣ್ಣೆ ಬರೋ ತೂತಿನ ಹತ್ರ ಇದ್ರೆ ಪಂಪು ಇಲ್ಲ ಅದರ ಪೈಪು. ಟ್ಯಾಂಕ್ ಅರ್ಧಕ್ಕರ್ಧ ಖಾಲಿ ಆಗಿದ್ರೆ ಶೆಡ್ಡಿಗೆ ತನ್ನಿ. ಕಾಸಿನಗಲ ಕಲೆ ಆಗಿದ್ರೆ ತಲೆ ಕೆಡಿಸ್ಕೋಬೇಡಿ.

ಒಂದು ಕೇಳ್ತೀನಿ, ಸಿಟ್ಟಾಗಬೇಡಿ. ಹಾಕ್ತಿರೋದು ಟ್ರ್ಯಾಕ್ಟರಿನ ವೇಸ್ಟ್ ಆಯಿಲಾ?

ಬೆಳೆಗಾರರು: ಹೌದು. ಎಲ್ಲರೂ ಅದನ್ನೇ ಹಾಕ್ತಾರಲ್ಲ.

ಮೆಕ್ಯಾನಿಕ್: ಹಾಕ್ತಾರೆ, ಅದಕ್ಕೇ ನನಗೆ ಕೆಲಸ. ಅದರಲ್ಲಿ ಇಂಜಿನ್ ಒಳಗೆ ಸವೆದ ಕಬ್ಬಿಣದ ಪುಡಿ, ಮಸಿ ಎಲ್ಲ ಇರುತ್ತೆ. ಎಣ್ಣೆ ಸೋಸೋ ಜಾಲರಿ ಕಟ್ಟುತ್ತೆ, ಪಂಪ್ ತಿನ್ನುತ್ತೆ. ಚೈನ್ ಆಯಿಲಲ್ಲಿ ಅಂಟು ಇರುತ್ತೆ, ವೇಸ್ಟ್ ಆಯಿಲಲ್ಲಿ ಅದಿಲ್ಲ, ಚೈನ್ ತಿರುಗಿದ ರಭಸಕ್ಕೆ ಎಲ್ಲಾ ಕಾಫಿ ಗಿಡದ ಮೇಲೆ, ಹುಡುಗನ ಮುಖದ ಮೇಲೆ. ಆಯಿಲ್ ಸರಿಯಾಗಿ ಹೋಗ್ತಿದೆಯಾ ಅಂತ ನೋಡೋದು ಸುಲಭ: ಪೆಟ್ರೋಲ್ ಒಂದು ಟ್ಯಾಂಕ್ ಮುಗಿಯೋ ಹೊತ್ತಿಗೆ ಚೈನ್ ಆಯಿಲೂ ಹೆಚ್ಚುಕಡಿಮೆ ಮುಗಿಯೋಕೆ ಬಂದಿರಬೇಕು. ಅರ್ಧ ಹಾಗೇ ಉಳಿದಿದ್ರೆ ಬಾರ್ ಒಣಗಿ ಓಡ್ತಿದೆ ಅಂತ ಅರ್ಥ, ಜಾಲರಿ ತೊಳೀರಿ.

ಸಕಲೇಶಪುರದ ಸದಸ್ಯರು: ಪಿಕಪ್‌ನಲ್ಲಿ ಸಾಗಿಸುವಾಗ ಸೋರಿದ್ರೆ?

ಮೆಕ್ಯಾನಿಕ್: ದೂರ ಹೋಗೋದಾದ್ರೆ ಎರಡೂ ಟ್ಯಾಂಕ್ ಖಾಲಿ ಮಾಡಿಯೇ ಹಾಕಿ. ಹತ್ತಿರಕ್ಕಾದ್ರೆ ಮುಚ್ಚಳಗಳು ಮೇಲ್ಮುಖವಾಗಿರೋ ಹಾಗೆ ಮಲಗಿಸಿ, ಅಲುಗಾಡದಂತೆ ಕಟ್ಟಿ, ಬಾರ್ ಕವರ್ ಹಾಕಿ. ಪೆಟ್ರೋಲ್ ಕ್ಯಾನ್ ಬೇರೆ ಇರಲಿ, ನೀರಿನ ಬಾಟಲಿಯಲ್ಲಿ ಬೇಡ. ಮೂಡಿಗೆರೆಯವರೇ, ರಿಂಗ್ ತರೋಕೆ ಹೋಗುವಾಗ ಹಳೇದನ್ನ ಜೇಬಲ್ಲಿ ಹಾಕ್ಕೊಂಡು ಹೋಗಿ. ಪೆಟ್ರೋಲಿನದೂ ಆಯಿಲಿನದೂ ಕೆಲವು ಮಾಡೆಲಲ್ಲಿ ಬೇರೆ ಬೇರೆ ಸೈಜು, ಪಕ್ಕದಲ್ಲಿಟ್ಟು ಅಳೆದೇ ತಗೊಳ್ಳಿ.