ಹೆಪಟೈಟಿಸ್ ಸಿ ವಾಸಿಯಾಗಿ ಮೂರು ವರ್ಷ, ಈಗ ಮತ್ತೆ ರಿಯಾಕ್ಟಿವ್ ಅಂತ ರಿಪೋರ್ಟ್. ಏನಿದು?

ಬೆಣ್ಣೆದೋಸೆ:
ನಮ್ಮಪ್ಪನಿಗೆ 61 ವರ್ಷ. 1996ರಲ್ಲಿ ಆಕ್ಸಿಡೆಂಟ್ ಆದಾಗ ಮೂರು ಬಾಟಲಿ ರಕ್ತ ಹಾಕಿದ್ದರು. ಅದರಿಂದಲೇ ಬಂತೋ ಏನೋ, ಇಪ್ಪತ್ತೈದು ವರ್ಷ ಏನೂ ಗೊತ್ತಾಗಲಿಲ್ಲ, ಹರ್ನಿಯಾ ಆಪರೇಷನ್‌ಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿದಾಗ ಹೆಪಟೈಟಿಸ್ ಸಿ (ಲಿವರ್‌ಗೆ ಬರುವ ವೈರಸ್ ಕಾಯಿಲೆ) ಅಂತ ಬಂತು. ಸೊಫೊಸ್ಬುವಿರ್, ವೆಲ್ಪಟಾಸ್ವಿರ್ ಎರಡೂ ಇರುವ ಮಾತ್ರೆ 12 ವಾರ ನುಂಗಿದರು. ಮುಗಿದು ಮೂರು ತಿಂಗಳಾದ ಮೇಲೆ ಆರ್‌ಎನ್‌ಎ ಟೆಸ್ಟ್ ಮಾಡಿಸಿದೆವು, ವೈರಸ್ ಇಲ್ಲ ಅಂತ ಬಂತು. ಅವತ್ತು ಮನೆಯಲ್ಲಿ ಹೋಳಿಗೆ ಊಟ.

ಹೋದ ವಾರ ಕಣ್ಣಿನ ಪೊರೆ ಆಪರೇಷನ್‌ಗೆ ಹೋದರೆ ಮತ್ತೆ 'ಎಚ್‌ಸಿವಿ ರಿಯಾಕ್ಟಿವ್', ಅಂದರೆ ಹೆಪಟೈಟಿಸ್ ಸಿ ಪಾಸಿಟಿವ್! ನರ್ಸ್ ಮುಖ ನೋಡಿಯೇ ಅಪ್ಪ ಕುಸಿದು ಹೋದರು. ವಾಪಸ್ ಬಂತಾ?

ಇನ್ನೊಂದು. ಮಾತ್ರೆ ಶುರು ಮಾಡುವ ಮುಂಚೆ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಸ್ಕ್ಯಾನ್) 16 ಇತ್ತು. ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿ ಅಂದಿದ್ದರು. ಎರಡು ಸಲ ಮಾಡಿಸಿ ಬಿಟ್ಟೆವು. ಎಲ್‌ಎಫ್‌ಟಿ (ಲಿವರ್‌ನ ರಕ್ತಪರೀಕ್ಷೆ) ನಾರ್ಮಲ್ ಇದೆ, ಕಾಯಿಲೆ ಹೋಯ್ತಲ್ಲ, ಸುಮ್ನೆ ದುಡ್ಡು ಯಾಕೆ ಅಂತಾರೆ ಅಪ್ಪ.

ಲ್ಯಾಬ್ ಹುಡುಗ:
ಮೊದಲು ಅಪ್ಪನಿಗೆ ಧೈರ್ಯ ಹೇಳಿ. ಆಪರೇಷನ್‌ಗೆ ಮುಂಚೆ ಮಾಡುವುದು ಆಂಟಿಬಾಡಿ ಟೆಸ್ಟ್, ಅಂದರೆ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರೋಟೀನನ್ನು ಹುಡುಕುವುದು. ಕಳ್ಳ ಊರು ಬಿಟ್ಟು ಹೋದರೂ ಠಾಣೆಯಲ್ಲಿ ಫೈಲು ಇರುತ್ತಲ್ಲ, ಹಾಗೆ ಇದು. ವಾಸಿಯಾದವರಲ್ಲಿ ವರ್ಷಗಟ್ಟಲೆ, ಎಷ್ಟೋ ಜನರಲ್ಲಿ ಸಾಯುವ ತನಕ ರಿಯಾಕ್ಟಿವ್ ಅಂತಲೇ ಬರುತ್ತದೆ. ಈಗ ವೈರಸ್ ಇದೆಯಾ ಅಂತ ಹೇಳುವುದು ಆರ್‌ಎನ್‌ಎ ಟೆಸ್ಟ್, ಆಂಟಿಬಾಡಿ ಟೆಸ್ಟ್ ಅಲ್ಲ. ಒಂದು ಸಲ ಅದನ್ನು ಮಾಡಿಸಿ, ಹಳೇ ರಿಪೋರ್ಟಿನ ಜೆರಾಕ್ಸ್ ಅಪ್ಪನ ಫೈಲಿನಲ್ಲಿ ಯಾವಾಗಲೂ ಇರಲಿ.

ಆದರೆ ಈ ಆಂಟಿಬಾಡಿ ಕಾಯಿಲೆ ಮತ್ತೆ ಬರದಂತೆ ಕಾಪಾಡುವುದಿಲ್ಲ. ಡಯಾಲಿಸಿಸ್, ಬೇರೆಯವರಿಗೆ ಬಳಸಿದ ಸೂಜಿ, ಹಚ್ಚೆ, ಇವುಗಳಿಂದ ಹೊಸದಾಗಿ ಅಂಟಬಹುದು. ಇದಕ್ಕೆ ಲಸಿಕೆಯೂ ಇಲ್ಲ. ಅಕಸ್ಮಾತ್ ಬಂದಿದ್ದರೂ ಗಾಬರಿ ಬೇಡ, 2018ರಿಂದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಮಾತ್ರೆ ಪುಕ್ಕಟೆ. ನಮ್ಮಲ್ಲಿ ಬ್ಲಡ್ ಬ್ಯಾಂಕುಗಳಲ್ಲಿ ಇದರ ಪರೀಕ್ಷೆ ಕಡ್ಡಾಯವಾಗಿದ್ದೇ 2001ರಲ್ಲಿ, ಹಾಗಾಗಿ ನಿಮ್ಮ 1996ರ ಅನುಮಾನ ನಿಜವೇ ಇರಬಹುದು.

ಅಜ್ಜಿಮದ್ದು:
ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ 48 ದಿನ ಕೊಡಿ. ಲಿವರ್ ಹೊಸದಾಗುತ್ತದೆ. ನಮ್ಮೂರಲ್ಲಿ ಎಷ್ಟೋ ಜನರ ಕಾಮಾಲೆ ಹೋಗಿದೆ.

ಮಲೆನಾಡಿಗ:
ಅಜ್ಜಿಮದ್ದು ಅವರೇ, ಬೇಜಾರು ಮಾಡಿಕೊಳ್ಳಬೇಡಿ. ಊರಲ್ಲಿ ಬರುವ ಕಾಮಾಲೆ ಹೆಚ್ಚಾಗಿ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಜಾತಿಯದು. ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ, ಹೆಸರು ಮಾತ್ರ ಸೊಪ್ಪಿಗೆ. ಸೊಪ್ಪು ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲೂ ಅಲ್ಲ, ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ಡಾಕ್ಟರುಗಳು 2021ರಲ್ಲೇ ಬರೆದಿದ್ದಾರೆ.

ಬೆಣ್ಣೆದೋಸೆ, ನಾನೂ ನಿಮ್ಮಪ್ಪನ ದಾರಿಯಲ್ಲೇ ಬಂದವನು. ನನಗೆ 2017ರಲ್ಲಿ ವಾಸಿಯಾಯಿತು, ಆಗಲೇ ಸಿರೋಸಿಸ್ (ಲಿವರ್ ತುಂಬ ಗಾಯದ ಕಲೆಯಾಗಿ ಗಟ್ಟಿಯಾಗುವುದು) ಇತ್ತು. ನಾಲ್ಕನೇ ವರ್ಷ ಮಾಮೂಲಿ ಸ್ಕ್ಯಾನಿಂಗ್‌ನಲ್ಲಿ ಲಿವರ್‌ನೊಳಗೆ ಎರಡು ಸೆಂಟಿಮೀಟರ್ ಗೆಡ್ಡೆ ಸಿಕ್ಕಿತು. ಕ್ಯಾನ್ಸರ್. ನೋವಿಲ್ಲ, ಸುಸ್ತಿಲ್ಲ, ಎಲ್‌ಎಫ್‌ಟಿ ಸರಿಯಾಗೇ ಇತ್ತು. ಚಿಕ್ಕದಿದ್ದಾಗ ಸಿಕ್ಕಿದ್ದಕ್ಕೆ ಸೂಜಿ ತೂರಿಸಿ ಸುಟ್ಟರು, ಮೂರನೇ ದಿನ ಮನೆಗೆ ಬಂದೆ. ಆ ಸಲ ತೋಟದ ಕೆಲಸ ಇದೆ ಅಂತ ಸ್ಕ್ಯಾನಿಂಗ್ ತಪ್ಪಿಸಬೇಕೆಂದಿದ್ದೆ, ಹೆಂಡತಿ ಬಿಡಲಿಲ್ಲ.

ವೈರಸ್ ಹೋಗುವುದು ಬೇರೆ, ಅದು ಮಾಡಿಟ್ಟ ಗಾಯದ ಕಲೆ ಹೋಗುವುದು ಬೇರೆ. 16 ಅಂದರೆ ಸಿರೋಸಿಸ್ ಇರುವ ಸಾಧ್ಯತೆ ಜಾಸ್ತಿ, ಸಾಮಾನ್ಯವಾಗಿ 12.5 ದಾಟಿದರೆ ಹಾಗೆ ಹಿಡಿಯುತ್ತಾರೆ. ಈಗ ಮಾಡಿಸಿದರೆ ಅಂಕಿ ಇಳಿದಿರಬಹುದು, ಊತ ಇಳಿದರೂ ಅಂಕಿ ಇಳಿಯುತ್ತದೆ. ಅದನ್ನು ನೋಡಿ ಸ್ಕ್ಯಾನಿಂಗ್ ನಿಲ್ಲಿಸುವಂತಿಲ್ಲ. ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್, ಜೊತೆಗೆ ಲಿವರ್ ಕ್ಯಾನ್ಸರ್ ಸುಳಿವು ಕೊಡುವ ಎಎಫ್‌ಪಿ ರಕ್ತಪರೀಕ್ಷೆ. ಎಂಡೋಸ್ಕೋಪಿ ಬೇಕಾ ಅಂತಲೂ ಕೇಳಿ, ಅನ್ನನಾಳದಲ್ಲಿ ರಕ್ತನಾಳ ಉಬ್ಬಿರಬಹುದು. ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ ನೋಡಿ. ಹಬ್ಬಕ್ಕೆ ಒಂದು ಪೆಗ್ ಕೂಡ ಬೇಡ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದರೆ ಅದೂ ಲಿವರ್‌ನ ಮೇಲೆಯೇ ಕೂರುತ್ತದೆ.

ಬೆಣ್ಣೆದೋಸೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿಮ್ಮ ಗೆಡ್ಡೆ ಕಥೆ ಓದಿ ಹೇಳಿದೆ ಸರ್, ಅಪ್ಪ ಐದು ನಿಮಿಷ ಮಾತೇ ಆಡಲಿಲ್ಲ. ಸೋಮವಾರ ಸ್ಕ್ಯಾನಿಂಗ್, ಆರ್‌ಎನ್‌ಎ ಎರಡಕ್ಕೂ ಹೊರಟಿದ್ದೇವೆ. ಅವರದ್ದು ಒಂದೇ ಪ್ರಶ್ನೆ, ಕಾಫಿ ಬಿಡಬೇಕಾ ಅಂತ.

ಮಲೆನಾಡಿಗ:
ಬೇಡವೇ ಬೇಡ. ಲಿವರ್‌ಗೆ ಕಾಫಿ ಒಳ್ಳೆಯದು ಅಂತ ನಮ್ಮ ಡಾಕ್ಟರೇ ಹೇಳಿದ್ದು. ಸಕ್ಕರೆ ಕಮ್ಮಿ ಹಾಕಿಕೊಳ್ಳಲಿ ಅಷ್ಟೇ.