ಅತ್ತೆಯವರ ಊಟ ಸಾಲುತ್ತಿದೆಯಾ, ಮನೆಯಲ್ಲೇ ಅಳೆಯುವುದು ಹೇಗೆ?

ಹೊಸನಗರ ಕಡೆಯಿಂದ: ನಮ್ಮ ಅತ್ತೆಗೆ 64 ವರ್ಷ. ಈ ಮಳೆಗಾಲದಲ್ಲಿ ತೂಕ 49ರಿಂದ 45 ಕೆಜಿಗೆ ಇಳಿದಿದೆ. ಏನು ತಿಂದಿರಿ ಅಂದರೆ "ಎಲ್ಲಾ ತಿಂದೆ ಕಣೇ" ಅನ್ನುತ್ತಾರೆ. ಊಟ ಸಾಲುತ್ತಿದೆಯೋ ಇಲ್ಲವೋ ತಿಳಿಯಲು ದಾರಿ ಇದೆಯಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ತೀರ್ಥಹಳ್ಳಿಯಿಂದ: ನಾಲ್ಕು ಕೆಜಿ ಇಳಿದಿದೆ ಅಂದರೆ ಮೊದಲು ಡಾಕ್ಟರಿಗೆ ತೋರಿಸಿ. ಲೆಕ್ಕ ಅದರ ಜೊತೆಗೆ ನಡೆಯಲಿ.

ನಾನು ಕೆಲವು ವರ್ಷ ಊಟದ ಸಮೀಕ್ಷೆಗೆ ಮನೆಮನೆ ತಿರುಗಿದವಳು. ಹಿಂದಿನ 24 ಗಂಟೆಯಲ್ಲಿ ತಿಂದದ್ದನ್ನು ಕೇಳಿ ಬರೆದುಕೊಳ್ಳುತ್ತಿದ್ದೆವು. ಸುಮ್ನೆ "ಏನು ತಿಂದಿರಿ" ಅಂದರೆ ಸರಿಯಾದ ಉತ್ತರ ಬರುವುದಿಲ್ಲ. ಕೆಲಸ ಹಿಡಿದು ಕೇಳಬೇಕು. ಎದ್ದು ಒಲೆ ಹಚ್ಚಿದಿರಿ, ಆಮೇಲೆ? ಕೊಟ್ಟಿಗೆಯಿಂದ ಬಂದ ಮೇಲೆ ಬಾಯಿಗೇನು ಹಾಕಿಕೊಂಡಿರಿ? ಒಬ್ಬ ಅಜ್ಜಿ ಬೆಳಿಗ್ಗೆ ಮೂರು ಕಡುಬು ಅಂದಿದ್ದರು. ಹೀಗೆ ಕೇಳುತ್ತಾ ಹೋದಾಗ ಗೊತ್ತಾಯಿತು, ಎರಡು ಮೊಮ್ಮಗನ ತಟ್ಟೆಗೆ ಹೋಗಿದ್ದವು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಬಡಿಸಿಕೊಂಡದ್ದು ಮೂರೇ.

ಅಳತೆಗೆ ಮನೆ ಪಾತ್ರೆಯೇ ಸಾಕು. ಅವರು ದಿನಾ ಬಳಸುವ ಲೋಟ, ಬಟ್ಟಲು, ಸೌಟಿಗೆ ಎಷ್ಟು ಮಿಲಿ ನೀರು ಹಿಡಿಯುತ್ತದೆ ಅಂತ ಒಂದು ಸಲ ಬರೆದಿಟ್ಟುಕೊಳ್ಳಿ. ಸೌಟಿನಲ್ಲಿ ಬೇಳೆ ಬಂತಾ, ಬರೀ ತಿಳಿ ಬಂತಾ, ಅದನ್ನೂ ನೋಡಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವರಿಗೆ ನೀರು ಬೆರೆಸಿ ಹೆಚ್ಚಿಸಿದ ಸಾರೇ ಸಿಗುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಇಡೀ ಮನೆಗೆ ಎಷ್ಟು ಬೇಳೆ ಬೆಂದಿತು ಅಂತ ಲೆಕ್ಕ ಹಾಕಿದರೆ ಇದು ಕಾಣುವುದೇ ಇಲ್ಲ.

ಒಂದೇ ದಿನ ನೋಡಿ ತೀರ್ಮಾನ ಮಾಡಬೇಡಿ. ಬಿಟ್ಟು ಬಿಟ್ಟು ಮೂರು ದಿನ ಬರೆಯಿರಿ. ಸೋಮವಾರ ಒಪ್ಪತ್ತು ಮಾಡುವವರಾದರೆ ಅದೂ ಒಂದು ದಿನ ಸೇರಲಿ.

ಸಾಗರದಿಂದ: ಅಮ್ಮನಿಗೆ ನಾನು ಪ್ರೋಟೀನ್ ಲೆಕ್ಕ ಮಾತ್ರ ಹಾಕಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಪಟ್ಟಿಯಲ್ಲಿ ದೊಡ್ಡವರಿಗೆ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಅಂತಿದೆ. ಅಮ್ಮನ ತೂಕ 48 ಕೆಜಿ, ಅಂದರೆ ಸುಮಾರು 40 ಗ್ರಾಂ ಬೇಕು. ದಿನಕ್ಕೆ 200 ಗ್ರಾಂ ಅಕ್ಕಿಯಿಂದ ಸುಮಾರು 15, ಸಾರಿನ ಬೇಳೆಯಿಂದ 4, ನೀರು ಮಜ್ಜಿಗೆಯಿಂದ 2–3. ಒಟ್ಟು 22 ಆಗುವಷ್ಟರಲ್ಲಿ ನನಗೆ ಗಾಬರಿಯಾಯಿತು. ದಿನಾ ಎರಡು ಹೊತ್ತು ಹೊಟ್ಟೆ ತುಂಬ ಅನ್ನ ಉಣ್ಣುತ್ತಿದ್ದರಲ್ವಾ! ಈಗ 50 ಗ್ರಾಂ ಹುರುಳಿ ಅಥವಾ ಹೆಸರುಕಾಳು ಬೇಯಿಸುತ್ತೇನೆ, ಅದರಿಂದ 11 ಗ್ರಾಂ ಹತ್ತಿರ. ಮೇಲೆ ಎರಡು ಲೋಟ ಹಾಲು. ನಿಮ್ಮತ್ತೆಗೆ ಲೆಕ್ಕ ಹಾಕುವಾಗ ಇಳಿದ ತೂಕ ಬೇಡ, ಮೊದಲಿನ 49 ಕೆಜಿಯನ್ನೇ ಹಿಡಿಯಿರಿ.

ಶಿವಮೊಗ್ಗದಿಂದ: ಉಂಡ ಮೇಲೆ ತಟ್ಟೆ ನೋಡಿ. ನಮ್ಮಪ್ಪ ಅಕ್ಕಿ ರೊಟ್ಟಿಯ ನಡು ತಿಂದು ಅಂಚು ಬಿಡುತ್ತಿದ್ದರು. ಪಲ್ಯದ ಕಾಳೆಲ್ಲ ಬದಿಗೆ ಸರಿಸಿರುತ್ತಿದ್ದರು. ಹಸಿವಿಲ್ಲ ಅಂದುಕೊಂಡಿದ್ದೆವು. ನೋಡಿದರೆ ದವಡೆ ಹಲ್ಲು ಅಲ್ಲಾಡುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಅತ್ತೆಯವರ ತಟ್ಟೆಯಲ್ಲಿ ಏನು ಉಳಿಯುತ್ತದೆ, ಗಮನಿಸಿದ್ದೀರಾ?