‘ಈ ವಯಸ್ಸಲ್ಲಿ ಆಟಿಸಂ ಪರೀಕ್ಷೆ ಬೇಕಾ?’: ಓದುಗರ ಸ್ಪಂದನ

(ತನಗೆ ಆಟಿಸಂ, ಅಂದರೆ ಜನರೊಡನೆ ಬೆರೆಯುವ ರೀತಿ, ರೂಢಿಗಳ ಮೇಲಿನ ಪಟ್ಟು ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ, ಇರಬಹುದಾ ಅನ್ನುವ ಅನುಮಾನದಿಂದ 50 ಪ್ರಶ್ನೆಗಳ ಟೆಸ್ಟ್ ಮಾಡಿ ನೋಡಿದ ಓದುಗರೊಬ್ಬರು ಪತ್ರ ಬರೆದಿದ್ದರು. ‘ಇದ್ದಿದ್ದರೆ ಚಿಕ್ಕಂದಿನಲ್ಲೇ ಗೊತ್ತಾಗುತ್ತಿತ್ತು’ ಅನ್ನುತ್ತಾರೆ ಗಂಡ, ಈಗ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿದ್ದರು.)

ನಿಮ್ಮ ಪತ್ರ ಓದುತ್ತಾ ಒಂದು ಕಡೆ ನಿಂತುಬಿಟ್ಟೆ. ಫೋನ್ ಮಾಡುವ ಮುಂಚೆ ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ ಅಂದಿದ್ದೀರಲ್ಲ, ಅಲ್ಲಿ. ನಾನೂ ಹಾಗೇ. ನನ್ನ ಚೀಟಿಯಲ್ಲಿ ‘ಹಲೋ, ಹೇಗಿದ್ದೀರಿ’ ಅನ್ನುವುದೂ ಇರುತ್ತದೆ.

ನನಗೆ ಆಟಿಸಂ ಇದೆ ಅಂತ ಗೊತ್ತಾದಾಗ 43 ವರ್ಷ. ಅದಕ್ಕೂ ಮೊದಲು ಎರಡು ವರ್ಷ ಮೀನಮೇಷ ಎಣಿಸಿದ್ದೆ. ರಕ್ತಪರೀಕ್ಷೆಯಲ್ಲೋ ಸ್ಕ್ಯಾನಿನಲ್ಲೋ ಸಿಗುವಂಥದ್ದಲ್ಲ ಇದು. ಕೂರಿಸಿಕೊಂಡು ಮಾತಾಡಿಸುತ್ತಾರೆ. ಚಿಕ್ಕಂದಿನಿಂದಲೇ ಇತ್ತಾ ಅನ್ನುವುದು ಮುಖ್ಯ, ಹಾಗಾಗಿ ಬಾಲ್ಯದ ಬಗ್ಗೆ ಜಾಸ್ತಿ ಕೇಳುತ್ತಾರೆ. ನನ್ನ ಜೊತೆ ಅಮ್ಮ ಬಂದಿದ್ದರು. ‘ಶಾಲೆಯಿಂದ ಬೇರೆ ದಾರಿಯಲ್ಲಿ ಕರೆದುಕೊಂಡು ಬಂದರೆ ಇವಳು ಅಳುತ್ತಿರಲಿಲ್ಲ. ವಾಪಸ್ ಗೇಟಿನ ತನಕ ಹೋಗಿ, ದಿನಾ ಬರುವ ದಾರಿಯಲ್ಲೇ ಮೊದಲಿಂದ ನಡೆದು ಬರುತ್ತಿದ್ದಳು’ ಅಂದರು. ನನಗೆ ಅದು ನೆನಪೇ ಇರಲಿಲ್ಲ. ಹಠಮಾರಿ ಅಂತ ಸುಮ್ನೆ ಬೈದುಬಿಟ್ಟೆನಲ್ಲ ಅಂತ ಮನೆಗೆ ಬರುವಾಗ ಅಮ್ಮ ಎರಡು ಸಲ ಹೇಳಿದರು.

ನೀವು ಪರೀಕ್ಷೆಗೆ ಹೋಗುವುದು ಬಿಡುವುದು ನಿಮ್ಮಿಷ್ಟ. ಆದರೆ ನಿಮ್ಮ ತಾಯಿಗೆ ವಯಸ್ಸಾಗಿದೆ ಅಂದಿದ್ದೀರಿ. ಅವರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಹಳೆಯ ರಿಪೋರ್ಟ್ ಕಾರ್ಡ್ ಇದ್ದರೆ ಅದನ್ನೂ ಎತ್ತಿಡಿ.

— ಒಬ್ಬ ಓದುಗಿ

‘ಇದ್ದಿದ್ದರೆ ಚಿಕ್ಕಂದಿನಲ್ಲೇ ಗೊತ್ತಾಗುತ್ತಿತ್ತು’ ಅಂದ ನಿಮ್ಮ ಯಜಮಾನರಿಗೆ ಇದನ್ನು ಓದಿ ಹೇಳಿ. ಮಾತು, ಬುದ್ಧಿ ಚೆನ್ನಾಗಿದ್ದೂ ಆಟಿಸಂನಂಥ ಲಕ್ಷಣಗಳಿದ್ದರೆ ಅದಕ್ಕೆ ಆಸ್ಪರ್ಜರ್ ಅನ್ನುತ್ತಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂಗೆ ಅದು ಸೇರಿದ್ದೇ 1994ರಲ್ಲಿ. 2013ರಲ್ಲಿ ಅದನ್ನು ಆಟಿಸಂ ಒಳಗೇ ತಂದರು. ಚೆನ್ನಾಗಿ ಮಾತಾಡುವ, ಒಳ್ಳೆ ಮಾರ್ಕ್ಸ್ ತೆಗೆಯುವ ಮಗುವಿನಲ್ಲಿ ಇದನ್ನು ಆಗಿನ ಟೀಚರ್ ಹೇಗೆ ಗುರುತಿಸಬೇಕಿತ್ತು? ಪಕ್ಕದವಳು ನಕ್ಕಾಗ ತಾನೂ ನಕ್ಕು ನಿಭಾಯಿಸಿದ ಹುಡುಗಿಯರಂತೂ ಯಾರ ಕಣ್ಣಿಗೂ ಬೀಳಲಿಲ್ಲ.

ನೀವು ಮಾಡಿ ನೋಡಿದ 50 ಪ್ರಶ್ನೆಗಳ ಟೆಸ್ಟ್ ಬರೀ ಸೂಚನೆ. ಆತಂಕ ಜಾಸ್ತಿ ಇದ್ದರೂ ಅದರಲ್ಲಿ ಅಂಕ ಏರಬಹುದು. ಹೋಗುವುದಾದರೆ ದೊಡ್ಡವರಲ್ಲಿ ಆಟಿಸಂ ನೋಡಿ ಅಭ್ಯಾಸವಿರುವವರ ಹತ್ತಿರವೇ ಹೋಗಿ.

— ಮನಃಶಾಸ್ತ್ರ ಓದಿದವಳು

ನನಗೂ ಇದೇ ಅನುಮಾನ ಇತ್ತು, ಆದರೆ ನಾನು ಪರೀಕ್ಷೆಗೆ ಹೋಗಲಿಲ್ಲ. ಆಫೀಸಿನಲ್ಲಿ ಏನಾದರೂ ಅನುಕೂಲ ಕೇಳಬೇಕಿದ್ದರೆ ಡಾಕ್ಟರ ಕಾಗದ ಬೇಕಾಗುತ್ತಿತ್ತೇನೋ. ನನಗೆ ಬೇಕಿದ್ದದ್ದು ಮನೆಯಲ್ಲಿ. ಸಂಜೆ ಬಂದ ಮೇಲೆ ಅರ್ಧ ಗಂಟೆ ಲೈಟ್ ಹಾಕದ ರೂಮಿನಲ್ಲಿ ಕೂರಬೇಕು, ಯಾರೂ ಮಾತಾಡಿಸಬಾರದು. ಇಷ್ಟನ್ನು ಹೆಂಡತಿಗೆ ಹೇಳುವುದಕ್ಕೆ ನನಗೆ 18 ವರ್ಷ ಬೇಕಾಯಿತು. ಸಿಟ್ಟು ಮಾಡಿಕೊಂಡು ಕೂರುತ್ತೀರಿ ಅಂದುಕೊಂಡಿದ್ದೆ ಅಂದಳು. ಈಗ ಅವಳೇ ಬಾಗಿಲು ಮುಂದೆ ಮಾಡಿ ಹೋಗುತ್ತಾಳೆ.

— ಇನ್ನೊಬ್ಬ ಓದುಗ